ಸಮುದ್ರದ ಮೇಲಿನ ಬಿಳಿ ಪಟ್ಟೆ

ಅವರ ಬಲಗೈ ಬೆರಳುಗಳ ಉಗುರುಗಳು ಯಾವಾಗಲೂ ಕಂದುಬಣ್ಣಕ್ಕಿರುತ್ತಿದ್ದವು. ಅಜ್ಜಂಪುರದ ನಮ್ಮ ಬೀದಿಯ ಹೆಂಗಸರಲ್ಲಿ ಕೆಲವರು ಅದನ್ನು ಗೋರಂಟಿ ಎಂದುಕೊಂಡಿದ್ದರು. ಇನ್ನು ಕೆಲವರು ನಶ್ಯದ ಕಲೆ ಎಂದು ಪಿಸುಗುಟ್ಟುತ್ತಿದ್ದರು. ಅದು ಫೋಟೊ ತೊಳೆಯುವ ರಾಸಾಯನಿಕದ ಕಲೆ. ಉಪಗ್ರಹ ಕಳುಹಿಸಿದ ಸಮುದ್ರದ ಚಿತ್ರಗಳನ್ನು ಅವರು ಕತ್ತಲೆಕೋಣೆಯಲ್ಲಿ ತಾವೇ ಮುದ್ರಿಸಿಕೊಳ್ಳುತ್ತಿದ್ದರು. ಕೈಗವಸು ಹಾಕಿಕೊಳ್ಳುವಷ್ಟು ತಾಳ್ಮೆ ಅವರಿಗಿರಲಿಲ್ಲ.

ಊರಿನಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಹತ್ತಿ ವ್ಯಾಪಾರಿಯೊಬ್ಬರ ಒಬ್ಬಳೇ ಮಗಳು. ತಂದೆ ತೀರಿಕೊಂಡಿದ್ದರು, ತಾಯಿ ಊರಲ್ಲಿದ್ದರು. ಮೇಡಂ ಕರಾವಳಿಯ ಒಂದು ತರಬೇತಿ ಕೇಂದ್ರದಲ್ಲಿ ಮೀನುಗಾರಿಕೆ ಅಧಿಕಾರಿಗಳಿಗೆ, ಬಂದರಿನ ನೌಕರರಿಗೆ ಪಾಠ ಹೇಳುತ್ತಿದ್ದರು. ಆಕಾಶದಿಂದ ತೆಗೆದ ಚಿತ್ರ ನೋಡಿ ಸಮುದ್ರದಲ್ಲಿ ಎಲ್ಲಿ ನೀರು ತಣ್ಣಗಿದೆ, ಎಲ್ಲಿ ಬೆಚ್ಚಗಿದೆ ಎಂದು ಹೇಗೆ ತಿಳಿಯುವುದು ಎನ್ನುವುದು ಆ ಪಾಠ. ಅವರದು ಮಠಕ್ಕೆ ನಡೆದುಕೊಳ್ಳುವ ಮನೆ. ಮೀನು ಎಂಬ ಮಾತನ್ನೂ ಅಲ್ಲಿ ಯಾರೂ ಆಡುತ್ತಿರಲಿಲ್ಲ. ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ ತಾಯಿ, "ನೀರಿನ ಬಿಸಿ ನೋಡ್ತಾಳೆ" ಎಂದು ಮುಗಿಸಿಬಿಡುತ್ತಿದ್ದರು.

ನಾನು ಆಗ ಕಡೂರಿನಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಮನೆ ಅಜ್ಜಂಪುರದಲ್ಲಿ, ಮೇಡಂ ಮನೆಗೆ ಎದುರು ಸಾಲು. ರಜೆಗೆ ಬಂದಾಗ ಅವರು ನೆಮ್ಮದಿಯಾಗಿ ಕುಳಿತದ್ದನ್ನು ನಾನು ನೋಡಿದ ನೆನಪಿಲ್ಲ. ಕಾಫಿಯನ್ನು ನಿಂತೇ ಕುಡಿಯುವರು. ಜಗಲಿಯಿಂದ ಬೀದಿಗೆ, ಬೀದಿಯಿಂದ ರೈಲ್ವೆ ಸ್ಟೇಷನ್ನಿಗೆ, ಅಲ್ಲಿಂದ ಮತ್ತೆ ಮನೆಗೆ. ಮಾತಿನ ಮಧ್ಯೆ ಗಡಿಯಾರ ನೋಡಿ ತಲೆ ಎತ್ತುವರು. "ಈಗ ಮೇಲೆ ಹೋಗ್ತಾ ಇರುತ್ತೆ" ಎನ್ನುವರು. ನಾವೂ ತಲೆ ಎತ್ತಿದರೆ ಬರೀ ಆಕಾಶ. ಅವರಿಗೆ ಕಾಣುತ್ತಿದ್ದುದೇನೋ ಗೊತ್ತಿಲ್ಲ, ಆಮೇಲೆ ಅರ್ಧ ಗಂಟೆ ಯಾವ ಮಾತೂ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಅವರ ಪಾಠವನ್ನು ನಾನು ಕೇಳಿದ್ದು ಒಂದೇ ಸಲ, ತರೀಕೆರೆಯ ಕಾಲೇಜಿನಲ್ಲಿ. ಕೇಳಲು ಬಂದಿದ್ದವರಲ್ಲಿ ಸಮುದ್ರ ನೋಡಿದವರು ಹೆಚ್ಚಿರಲಿಲ್ಲ. ಮೇಡಂ ಹಾಸ್ಟೆಲ್ಲಿನ ಅಡುಗೆಮನೆಯಿಂದ ಕಾದ ಕಾವಲಿಯೊಂದನ್ನು ತರಿಸಿ ಮೇಜಿನ ಮೇಲಿಟ್ಟರು. ಒಬ್ಬ ವಿದ್ಯಾರ್ಥಿಯನ್ನು ಕರೆದು ಕಣ್ಣು ಮುಚ್ಚಿಸಿ, ಅಂಗೈಯನ್ನು ಕಾವಲಿಯ ಮೇಲೆ, ಮುಟ್ಟದ ಹಾಗೆ, ಹಿಡಿಸಿದರು. ಬಿಸಿ ಎಂದ. ಮುಟ್ಟದೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಉಪಗ್ರಹ ಮಾಡುವುದೂ ಇಷ್ಟೇ ಎಂದರು. ಆಮೇಲೆ ಸದ್ದಿಲ್ಲದೆ ಕೈಗೂ ಕಾವಲಿಗೂ ನಡುವೆ ಒದ್ದೆ ಟವೆಲ್ ಹಿಡಿದರು. ಹುಡುಗ ಕಾವಲಿ ಆರಿಹೋಯಿತು ಎಂದ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ನಗಬೇಡಿ. ಇದೇ ತಪ್ಪನ್ನ ನನ್ನ ಕ್ಲಾಸಲ್ಲಿ ದೊಡ್ಡ ದೊಡ್ಡ ಆಫೀಸರುಗಳು ಮಾಡ್ತಾರೆ" ಎಂದರು. ಟವೆಲ್ ಎಂದರೆ ಮೋಡ. ಚಿತ್ರದಲ್ಲಿ ತಣ್ಣಗಿನ ನೀರೂ ಬಿಳಿಚಾಗಿ ಕಾಣುತ್ತದೆ, ತೆಳು ಮೋಡವೂ ಬಿಳಿಚಾಗಿ ಕಾಣುತ್ತದೆ. ಯಾವುದು ಯಾವುದೆಂದು ಖಚಿತವಾಗಬೇಕಾದರೆ ಯಾರಾದರೂ ದೋಣಿಯಲ್ಲಿ ಆ ಜಾಗಕ್ಕೆ ಹೋಗಿ, ಬಕೆಟ್ ಇಳಿಸಿ, ನೀರೆತ್ತಿ, ಥರ್ಮಾಮೀಟರ್ ಅದ್ದಲೇಬೇಕು.

ನೀವು ಹೋಗಿದ್ದೀರಾ ಎಂದು ಒಬ್ಬ ಹುಡುಗಿ ಕೇಳಿದಳು.

"ಇಲ್ಲಮ್ಮ. ಹೆಂಗಸರಿಗೆ ಹಡಗಲ್ಲಿ ಮಲಗೋ ಜಾಗ ಇಲ್ಲವಂತೆ. ನಾನು ನಿಂತ್ಕೊಂಡೇ ಬರ್ತೀನಿ ಅಂದೆ. ಅದಕ್ಕೂ ಒಪ್ಪಲಿಲ್ಲ."

ಅವರು ನಿಂತುಕೊಂಡೇ ಹೋಗಿಬರುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಮಳೆಗಾಲ ಮುಗಿದು ದಸರೆ ಹತ್ತಿರವಿತ್ತು. ಕರಾವಳಿಯ ಒಂದು ಬಂದರಿನಿಂದ ಸುದ್ದಿ ಬಂತು. ಮೇಡಂ ಉಪಗ್ರಹದ ಚಿತ್ರವೊಂದರಲ್ಲಿ ದಡಕ್ಕೆ ಸಮನಾಗಿ ಹಬ್ಬಿದ್ದ ಬಿಳಿ ಪಟ್ಟೆಯನ್ನು ಕಂಡಿದ್ದರು. ಮಳೆಗಾಲದ ಕೊನೆಗೆ ಸಮುದ್ರದ ತಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರೊಂದಿಗೆ ಮೀನಿನ ಆಹಾರವೂ ಬರುತ್ತದೆ, ಹಿಂದೆಯೇ ಮೀನು. ಇದೇ ಆ ನೀರು ಎಂದು ಅವರು ಬಂದರಿಗೆ ತಿಳಿಸಿದರು. ಮಾರನೆಯ ದಿನ ದೋಣಿಗಳು ಅಲ್ಲಿಗೆ ಹೋದವು, ಬಲೆ ತುಂಬಿ ಬಂದವು. ಪತ್ರಿಕೆಗಳು ಬರೆದವು. ಅಲ್ಲಿಯವರೆಗೆ ಮೇಡಂ ಪಾಠ ಮಾಡುತ್ತಿದ್ದ ತರಗತಿ ವರ್ಷದಿಂದ ವರ್ಷಕ್ಕೆ ಮುಂದುವರಿಸುವ ತಾತ್ಕಾಲಿಕ ವ್ಯವಸ್ಥೆಯಾಗಿತ್ತು. ಈ ಚಿತ್ರದ ಬಲದಿಂದ ಅದನ್ನು ಕಾಯಂ ಮಾಡಿ, ಅವರನ್ನೇ ಮುಖ್ಯಸ್ಥರನ್ನಾಗಿ ಮಾಡುವ ಮಾತು ನಡೆದಿತ್ತು.

ಕಡೂರಿನ ವರ್ತಕರು ಸುಮ್ಮನಿರುತ್ತಾರೆಯೇ. ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಮುಂದೆ ನಿಂತು ನಾಗರಿಕ ಸನ್ಮಾನ ಏರ್ಪಡಿಸಿದರು. ಸಭೆ ಮಠದ ಭವನದಲ್ಲಿ. ಆಹ್ವಾನ ಪತ್ರಿಕೆಯಲ್ಲಿ ಮೀನು ಎಂದು ಹೇಗೆ ಹಾಕುವುದು ಎಂಬ ಚರ್ಚೆ ಪ್ರೆಸ್ಸಿನಲ್ಲಿ ಒಂದು ಸಂಜೆಯಿಡೀ ನಡೆಯಿತು. ಕೊನೆಗೆ 'ಜಲಸಂಪತ್ತಿನ ಶೋಧಕಿ' ಎಂದು ಅಚ್ಚಾಯಿತು.

ದಸರಾ ರಜೆಗೆ ಮೇಡಂ ಬಂದರು. ಸ್ಟೇಷನ್ನಿನಲ್ಲಿ ನನ್ನನ್ನು ಕಂಡವರೇ ಅಭಿನಂದನೆಯ ಮಾತನ್ನು ಅರ್ಧಕ್ಕೆ ತಡೆದು ಸಿಮೆಂಟ್ ಬೆಂಚಿನ ಮೇಲೆ ಎರಡು ಚಿತ್ರಗಳನ್ನು ಹರಡಿದರು. ಒಂದು ಬಂದರಿಗೆ ತಿಳಿಸಿದ ಬೆಳಗಿನ ಚಿತ್ರ. ಇನ್ನೊಂದು ಅದೇ ದಿನ ಸಂಜೆಯದು. ಅವರ ಕೈಗೆ ತಡವಾಗಿ ಬಂದಿತ್ತು. ಬೆಳಿಗ್ಗೆ ಒಂದು ಕಡೆ ಇದ್ದ ಬಿಳಿ ಪಟ್ಟೆ ಸಂಜೆಗೆ ಬಹಳ ದೂರ ಸರಿದಿತ್ತು.

"ನೀರು ಇಷ್ಟು ಜೋರಾಗಿ ನಡೆಯಲ್ಲ" ಎಂದರು.

ಹಾಗಾದರೆ ಮೋಡವೇ ಎಂದು ಕೇಳಿದೆ. ಇನ್ನೂ ಹೇಳಲಾರೆ ಎಂದರು. ಎರಡು ಬೇರೆ ಬೇರೆ ಪಟ್ಟೆಗಳೂ ಇರಬಹುದು. ಅವರ ತರಬೇತಿಯ ಹುಡುಗನೊಬ್ಬ ಬಲೆ ತುಂಬಿದ ದಿನ ದೋಣಿಯಲ್ಲಿ ಬಕೆಟ್ ತೆಗೆದುಕೊಂಡು ಹೋಗಿದ್ದ. ಆದರೆ ಆ ಸಂಭ್ರಮದಲ್ಲಿ ಬಕೆಟ್ಟಿನ ವಿಷಯ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಹಬ್ಬಕ್ಕೆ ತನ್ನ ಊರಿಗೆ ಹೋಗಿಬಿಟ್ಟಿದ್ದ. ಮೇಡಂ ಅವನ ಊರಿನ ಅಂಚೆ ಕಚೇರಿಗೆ ತಂತಿ ಕೊಟ್ಟಿದ್ದರು. ಕಡೂರಿನ ಕೊಬ್ಬರಿ ಮಂಡಿಯ ಫೋನಿಗೆ ಕರೆ ಮಾಡು ಎಂದು.

ಸನ್ಮಾನದವರೆಗಿನ ಆ ದಿನಗಳಲ್ಲಿ ಮೇಡಂ ನಡೆದದ್ದು ಎಷ್ಟೋ. ಬೆಳಿಗ್ಗೆ ರೈಲಿನಲ್ಲಿ ಕಡೂರಿಗೆ ಬಂದು ಮಂಡಿಯ ಮುಂದೆ ಸುಳಿದಾಡುವುದು, ಫೋನು ಬಾರದಿದ್ದರೆ ಬೀರೂರಿನವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿನ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಲೈನು ಸರಿಯಿದೆಯೇ ಎಂದು ವಿಚಾರಿಸುವುದು, ಮತ್ತೆ ಬರುವುದು. ಮಂಡಿಯ ಹಮಾಲರು ಅವರಿಗೊಂದು ಸ್ಟೂಲು ಹಾಕಿಕೊಟ್ಟಿದ್ದರು. ಅದರ ಮೇಲೆ ಅವರ ಕೈಚೀಲ ಕೂತಿರುತ್ತಿತ್ತು. ಸಭೆಯಲ್ಲಿ ಶಾಲು ಹೊದಿಸುವಾಗಲಾದರೂ ಕುರ್ಚಿ ಬಿಟ್ಟು ಏಳಬೇಡ ಎಂದು ತಾಯಿ ದಿನಾ ಬುದ್ಧಿ ಹೇಳಿ ಕಳಿಸುತ್ತಿದ್ದರು.

ಸಭೆ ಸಂಜೆಗೆ. ಫೋನು ಬಂದದ್ದು ಅದೇ ಮಧ್ಯಾಹ್ನ. ನಾನು ಅಲ್ಲೇ ಇದ್ದೆ. ಮಂಡಿಯೊಳಗೆ ಚೀಲಗಳನ್ನು ಹೊರುತ್ತಿದ್ದವರು ಗದ್ದಲ ನಿಲ್ಲಿಸಿದರು. ಮೇಡಂ ಒಂದು ಕಿವಿ ಮುಚ್ಚಿಕೊಂಡು ಕೂಗಿ ಮಾತನಾಡುತ್ತಿದ್ದರು.

"ಬಕೆಟ್ ಎಲ್ಲಿ ಇಳಿಸ್ದೆ? ಪಟ್ಟೆ ಒಳಗಾ, ಹೊರಗಾ? ಎರಡೂ ಕಡೆ ಇಳಿಸ್ದೆ, ಸರಿ. ಒಳಗೆ ಎಷ್ಟು? ಹೊರಗೆ? ಇನ್ನೊಂದ್ಸಲ ಹೇಳು."

ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡರು. ಹುಡುಗ ಅತ್ತ ಕಡೆ ಹೆದರಿದ್ದನೆಂದು ಕಾಣುತ್ತದೆ. "ನೀನ್ಯಾಕೆ ಅಳ್ತೀಯೋ. ನೀನು ಬಕೆಟ್ ಇಳಿಸಿದ್ದೆ, ನಾನು ಇಳಿಸಿರಲಿಲ್ಲ" ಎಂದು ಹೇಳಿ ಫೋನು ಇಟ್ಟರು.

ಒಳಗೂ ಹೊರಗೂ ನೀರು ಒಂದೇ ಬಿಸಿ. ಅವರು ಕಂಡದ್ದು ಮೋಡ.

ಯಜಮಾನರು ಏನಾಯಿತೆಂದು ಕೇಳಿದರು. ಮೇಡಂ ಹೇಳಿದರು. ಯಜಮಾನರು, ಮೀನು ಸಿಕ್ಕಿದ್ದು ನಿಜ ತಾನೇ ಎಂದರು. ನಿಜ ಎಂದರು ಮೇಡಂ. ಅಲ್ಲಿ ಹೇಗೋ ಮೀನಿತ್ತು, ಅದಕ್ಕೂ ನನ್ನ ಚಿತ್ರಕ್ಕೂ ಸಂಬಂಧವಿಲ್ಲ ಎಂದರು.

"ಇನ್ನೇನು ತಾಯಿ ಮತ್ತೆ. ನಮ್ಮ ಕಡೆ ಕೈಮೇಲೆ ತೆಂಗಿನಕಾಯಿ ಇಟ್ಕಂಡು ಬೋರ್ ಪಾಯಿಂಟ್ ತೋರಿಸ್ತಾರೆ. ನೀರು ಬಂದ್ಮೇಲೆ ಕಾಯಿ ಯಾಕೆ ಎದ್ದು ನಿಂತ್ಕಂತು ಅಂತ ಯಾರು ಕೇಳ್ತಾರೆ? ಹೂವಿನ ಹಾರ ಹಾಕಿ ಕಳಿಸ್ತೀವಪ್ಪ."

"ಹಂಗಾದ್ರೆ ಇವತ್ತು ಅವರನ್ನೇ ಕರೀರಿ ಯಜಮಾನ್ರೇ. ಒಂದು ಕಾಯಿಗೆ ಮುಗಿಯುತ್ತೆ. ಉಪಗ್ರಹ ಯಾಕೆ, ನಾನ್ಯಾಕೆ."

ಯಜಮಾನರಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಭವನಕ್ಕೆ ಶಾಮಿಯಾನ ಹಾಕಿಸಿಯಾಗಿತ್ತು, ಸಖರಾಯಪಟ್ಟಣದಿಂದಲೂ ಜನ ಹೊರಟಿದ್ದರು. ಇವತ್ತೊಂದು ದಿನ ಸುಮ್ಮನಿದ್ದು, ಕೆಲಸ ಕಾಯಂ ಆದ ಮೇಲೆ ಸರಿಪಡಿಸಿಕೊಳ್ಳಿ ಎಂದು ಅವರು ಕೈ ಮುಗಿದು ಕೇಳಿಕೊಂಡರು. ಕೆಟ್ಟ ಮನಸ್ಸಿನ ಮಾತಲ್ಲ ಅದು. ಮೇಡಂ ಬೀದಿಗೆ ಇಳಿದು ಮಾರುಕಟ್ಟೆಯ ಸುತ್ತ ನಡೆಯತೊಡಗಿದರು. ನಾನು ಸ್ವಲ್ಪ ದೂರ ಜೊತೆಗೆ ಹೋದೆ. ಅವರಿಗಿದ್ದ ಸಂಕಟ ತಮ್ಮ ಹುದ್ದೆಯದಲ್ಲ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಆ ತರಗತಿ ಅವರೇ ಕೈಯಾರೆ ಕಟ್ಟಿದ್ದು. ಅದು ಉಳಿಯಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಈ ಮಾತನ್ನು ಅವರೇ ಹೇಳಿದರು, ಎರಡು ಸಲ.

ಸಂಜೆ ಭವನ ತುಂಬಿತ್ತು. ಶಾಲು ಹೊದಿಸುವ ಮೊದಲೇ ನಾಲ್ಕು ಮಾತಾಡಬೇಕು ಎಂದು ಮೇಡಂ ಎದ್ದು ಮೈಕಿನ ಮುಂದೆ ಬಂದರು. ಚಿತ್ರದಲ್ಲಿ ತಾವು ಕಂಡದ್ದು ತಣ್ಣೀರಲ್ಲ, ಮೋಡ. ಅದನ್ನು ಗುರುತಿಸುವುದೇ ತಮ್ಮ ಪಾಠ, ಅದರಲ್ಲೇ ತಾವು ಎಡವಿದ್ದು. ಮೀನು ಸಿಕ್ಕಿದ್ದಕ್ಕೆ ಸನ್ಮಾನ ಆಗಬೇಕಾದರೆ ಮೀನು ಹಿಡಿದವರಿಗೆ ಆಗಬೇಕು. ಮುಂದಿನ ಸಲ ಇದೇ ಥರದ ಮೋಡ ನಂಬಿಕೊಂಡು ದೋಣಿಗಳು ಡೀಸೆಲ್ ಸುಟ್ಟು ಬರಿಗೈಯಲ್ಲಿ ಬಂದರೆ ಅದಕ್ಕೆ ತಾವೇ ಹೊಣೆ. ಇಷ್ಟನ್ನೇ ಹೇಳಿದರು, ಮಠದ ಭವನದಲ್ಲಿ, ಮೀನು ಎಂಬ ಪದವನ್ನು ಎಲ್ಲೂ ಮರೆಮಾಡದೆ. ಸಭೆಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ಗೊತ್ತಾಗಲಿಲ್ಲ. ಹಿಂದೆ ಯಾರೋ ತಟ್ಟಿದರು, ಉಳಿದವರು ತಿರುಗಿ ಅವರನ್ನೇ ನೋಡಿದರು. ಯಜಮಾನರು ದೊಡ್ಡತನದಿಂದ ಶಾಲನ್ನು ಮುಂದಿನ ಸಾಲಿನಲ್ಲಿದ್ದ ಮೇಡಂ ಅವರ ತಾಯಿಗೆ ಹೊದಿಸಿದರು.

ವಾಪಸು ರೈಲಿಗೆ ಕಾಯುವಾಗ ತಾಯಿ ಆ ಶಾಲನ್ನು ಮಡಿಚುತ್ತಾ ಮಗಳನ್ನು ಕೇಳಿದರು.

"ತಪ್ಪು ಮಾಡಿದ್ದು ಒಪ್ಕಂಡಿದ್ದು ಸರಿ ಬಿಡೇ. ಆದ್ರೆ ಮೀನು ಮೀನು ಅಂತ ಎಷ್ಟು ಸಲ ಅಂದೆ ಕಣೇ."

ಮೇಡಂ ಅವತ್ತು ಮೊದಲ ಸಲ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಏನು ಬರೆಯುತ್ತೀರಿ ಎಂದು ಕೇಳಿದರು. ನೀವು ಹೇಳಿದ್ದನ್ನೇ ಎಂದೆ.

"ಬರೀರಿ. ಆದರೆ ಬಲೆ ತುಂಬಿದ್ದನ್ನೂ ಬರೀರಿ. ಅದನ್ನ ಬಿಟ್ಟರೆ ನಾನು ಬಹಳ ದೊಡ್ಡೋಳ ಹಂಗೆ ಕಾಣ್ತೀನಿ."

ಎರಡನ್ನೂ ಬರೆದೆ. ಒಳಪುಟದಲ್ಲಿ ಚಿಕ್ಕದಾಗಿ ಬಂತು. ಸುದ್ದಿ ನಿಜವಾಗಿರುವುದು ಒಂದು, ಅದು ನಿಜವೆಂದು ನಮಗೆ ಹೇಗೆ ಗೊತ್ತಾಯಿತು ಎನ್ನುವುದು ಇನ್ನೊಂದು. ಈ ಎರಡನ್ನೂ ಬೇರೆಬೇರೆಯಾಗಿ ಕೇಳಿಕೊಳ್ಳುವುದನ್ನು ನನಗೆ ಕಲಿಸಿದವರು ಅವರು. ಪತ್ರಿಕೆಯಲ್ಲಿ ನನಗೆ ಒಳ್ಳೆಯ ಹಿರಿಯರಿದ್ದರು, ಅವರಾರೂ ಇದನ್ನು ಹೇಳಿರಲಿಲ್ಲ.

ತರಗತಿ ಕಾಯಂ ಆಗಲಿಲ್ಲ. ಆ ವರ್ಷದ ಕೊನೆಗೆ ನಿಂತಿತು. ಮೇಡಂ ಅವರನ್ನು ಒಳನಾಡಿನ ಒಂದು ಕಚೇರಿಗೆ ಹಾಕಿದರು. ಸಮುದ್ರ ಅಲ್ಲಿಂದ ಒಂದು ರಾತ್ರಿಯ ಪ್ರಯಾಣ. ರಜೆಗೆ ಬಂದಾಗ ಮೊದಲಿನಂತೆಯೇ ನಡೆಯುತ್ತಿದ್ದರು. ಗಡಿಯಾರ ನೋಡುತ್ತಿದ್ದರು. ಉಗುರಿನ ಬಣ್ಣ ಮಾತ್ರ ಮೆಲ್ಲಗೆ ಬಿಳಿಯಾಯಿತು. ಅದರ ಬಗ್ಗೆ ಬೀದಿಯಲ್ಲಿ ಯಾರೂ ಮಾತಾಡಲಿಲ್ಲ. ಏಳೆಂಟು ವರ್ಷ ಕಳೆದ ಮೇಲೆ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಆ ಕಚೇರಿಯ ಊರಿನಲ್ಲೇ ಹೃದಯಾಘಾತದಿಂದ ಹೋಗಿಬಿಟ್ಟರು. ಕಚೇರಿಗೆ ನಡೆದು ಹೋಗುತ್ತಿದ್ದರಂತೆ.

ಅವರ ಕ್ರಿಯೆಗಳೆಲ್ಲ ಮುಗಿದ ಮೇಲೆ ಅಜ್ಜಂಪುರದ ಮನೆಗೆ ಒಬ್ಬರು ಬಂದರು. ಅಂದು ಫೋನಿನಲ್ಲಿ ಅತ್ತ ಹುಡುಗ. ಈಗ ಅಧಿಕಾರಿ. ನಿಂತುಹೋಗಿದ್ದ ತರಗತಿಯನ್ನು ಮತ್ತೆ ಆರಂಭಿಸಿದ್ದಾರೆ, ಅದನ್ನು ತಾನೇ ನಡೆಸುತ್ತಿದ್ದೇನೆ ಎಂದರು. ಹೊಸ ತಂಡ ಬಂದ ಮೊದಲ ದಿನ ಆ ಬೆಳಗಿನ ಚಿತ್ರವನ್ನು ಏನೂ ಹೇಳದೆ ಗೋಡೆಗೆ ಹಾಕುತ್ತಾರಂತೆ. ಏನು ಕಾಣುತ್ತದೆ ಎಂದು ಕೇಳುತ್ತಾರಂತೆ. ಎಲ್ಲರೂ ತಣ್ಣೀರು ಎನ್ನುತ್ತಾರಂತೆ. ಅಲ್ಲಿಂದ ಪಾಠ ಶುರು.

ತಾಯಿಗೆ ಅದು ಹಿಡಿಸಲಿಲ್ಲ.

"ಅವಳು ತಪ್ಪು ಮಾಡಿದ್ದನ್ನೇ ಯಾಕಪ್ಪ ತೋರಿಸ್ತೀಯ? ಸರಿಯಾಗಿ ಮಾಡಿದ್ದೂ ಇರ್ಬೇಕಲ್ಲ."

"ಬೇಕಾದಷ್ಟಿದೆ ಅಮ್ಮ. ಸರಿಯಾಗಿ ಮಾಡೋರು ಬೇರೆಯೋರೂ ಇದ್ದಾರೆ."

ಬಂದವರು ಚೀಲದಿಂದ ಆ ಚಿತ್ರದ ಒಂದು ಪ್ರತಿ ತೆಗೆದು ಅವರ ಮಡಿಲಲ್ಲಿಟ್ಟರು. ತಾಯಿ ಕನ್ನಡಕ ತರಿಸಿಕೊಂಡರು. ಮಗಳು ಜೀವಮಾನವೆಲ್ಲ ನೋಡಿದ್ದನ್ನು ಅವರು ಅದುವರೆಗೆ ನೋಡಿಯೇ ಇರಲಿಲ್ಲ. ಕಪ್ಪು ಸಮುದ್ರ, ಅಂಚಿನಲ್ಲಿ ದಡ, ದಡದ ಪಕ್ಕ ಒಂದು ಬಿಳಿ ಪಟ್ಟೆ. ಮೋಡ ಎಲ್ಲಿ ಎಂದು ಕೇಳಿದರು. ಅಧಿಕಾರಿ ಪಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದರು. ತಾಯಿ ಚಿತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು.

"ಯಾರಾದ್ರೂ ನೀರು ಅಂತಾನೇ ಅಂದ್ಕಂತಾರೆ ಬಿಡು" ಎಂದರು. "ನಂಗೂ ನೀರೇ ಕಾಣ್ತದೆ."