ಜತೆಗೆ ಬಂದವರು

ಹಿಂದೂಪುರದಲ್ಲಿ ನನ್ನ ವೆಲ್ಡಿಂಗ್ ಶೆಡ್ಡಿನ ಮೇಲೊಂದು ಹಾಲ್ ಇದೆ. ಕಟ್ಟಿಸುವಾಗ ನಿಶ್ಚಿತಾರ್ಥಕ್ಕೆ, ನಾಮಕರಣಕ್ಕೆ ಬಾಡಿಗೆಗೆ ಕೊಡಬಹುದು ಅಂದುಕೊಂಡಿದ್ದೆ. ಕೆಳಗೆ ಗ್ರೈಂಡರ್ ಕಿರುಚುತ್ತಿದ್ದರೆ ಮೇಲೆ ಯಾರು ತೊಟ್ಟಿಲು ತೂಗುತ್ತಾರೆ? ಖಾಲಿ ಬಿದ್ದಿತ್ತು. ಕೆಲಸ ಸಿಗದ ಪದವೀಧರರಿಗೆ ಪುಕ್ಕಟೆ ತರಬೇತಿ ಕೊಡುವ ಸಂಸ್ಥೆಯವರು ಒಂದು ದಿನ ಬಂದು ಆ ಹಾಲ್ ಕೇಳಿದರು. ಹೊರದೇಶದಿಂದ ಒಬ್ಬ ಹೆಂಗಸು ಬರುತ್ತಾರೆ, ಸಂಬಳ ಇಲ್ಲದೆ ಕಲಿಸುತ್ತಾರೆ ಅಂದರು. ಸಂಬಳ ಇಲ್ಲದೆ ದುಡಿಯಲು ಸಮುದ್ರ ದಾಟಿ ಬರುವವರು ಹೇಗಿರುತ್ತಾರೋ ನೋಡೋಣ ಅನ್ನಿಸಿ ಬೀಗದ ಕೈ ಕೊಟ್ಟೆ.

ಅವರು ಸ್ಕಾಟ್ಲೆಂಡಿನವರು. ಎತ್ತರದ ಆಳು, ಬೆಳ್ಳಗಿನ ಗಿಡ್ಡ ಕೂದಲು, ಹತ್ತಿಯ ಚೂಡಿದಾರದ ಕೆಳಗೆ ಗಂಡಸರ ಬೂಟು. ತಮ್ಮ ಊರಿನ ದೊಡ್ಡ ಕಚೇರಿಯೊಂದರಲ್ಲಿ ಕೆಲಸಕ್ಕೆ ಜನರನ್ನು ಆರಿಸುವುದೇ ಅವರ ಉದ್ಯೋಗವಾಗಿತ್ತಂತೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲು ಆಗದೆ ಇಲ್ಲಿಗೆ ಬಂದಿದ್ದರು. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ವಾರದ ಅರ್ಧ ಹಿಂದೂಪುರದಲ್ಲಿ, ಇನ್ನರ್ಧ ಕಲ್ಯಾಣದುರ್ಗದಲ್ಲಿ ಅವರ ಪಾಠ. ಕಲ್ಯಾಣದುರ್ಗ ನನ್ನ ಹುಟ್ಟೂರು. ಅಲ್ಲಿಯ ಬಸ್ ಸ್ಟ್ಯಾಂಡ್ ಎದುರಿನ ಅರ್ಧ ಅಂಗಡಿಗಳ ಶಟರು ನನ್ನ ಕೈಯವು. ಶಟರಿನ ಕೆಲಸಕ್ಕೆ ಹೇಗೂ ಹೋಗಿಬರುತ್ತಿದ್ದೆನಲ್ಲ, ಅವರನ್ನೂ ನನ್ನ ಗಾಡಿಯಲ್ಲೇ ಕೂರಿಸಿಕೊಂಡು ಹೋಗುತ್ತಿದ್ದೆ. ಅವರಿಗೆ ಒಂದಿಷ್ಟು ತೆಲುಗು ಬರುತ್ತಿತ್ತು, ಕನ್ನಡ ಅದಕ್ಕಿಂತ ಕಡಿಮೆ. ನನ್ನ ಇಂಗ್ಲಿಷ್ ವೆಲ್ಡಿಂಗ್ ರಾಡಿನ ಡಬ್ಬಿ ಓದಿ ಕಲಿತದ್ದು. ಆದರೂ ದಾರಿಯುದ್ದಕ್ಕೂ ಮಾತು ನಿಲ್ಲುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ನನ್ನ ಜತೆ ಓದಿ ಡಿಗ್ರಿ ಮಾಡಿದವರು ಮನೆ ಕಟ್ಟಿದಾಗ ಗೇಟಿಗೆ ನನ್ನ ಹತ್ತಿರವೇ ಬಂದರು. ನನ್ನನ್ನು ಮೊದಲು ಕೆಲಸಕ್ಕೆ ಸೇರಿಸಿದ್ದು ಸೋದರಮಾವ. ಟ್ರೇಲರ್ ಮಾಡುವ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ. ಮೇಸ್ತ್ರಿ ಎಲ್ಲ ಕೇಳಿದ್ದು ಮಾವನನ್ನು. “ಹುಡುಗ ಹೆಂಗೆ?” ಅಂದ. “ನಿಯತ್ತಿನೋನು, ಎದುರು ಮಾತಾಡಾಕಿಲ್ಲ,” ಅಂದ ಮಾವ. ನಾನು ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ. ಮರುದಿನ ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಮುಂದೆ ನಾನೇ ಮೇಸ್ತ್ರಿಯಾದಾಗಲೂ ಅದೇ ಪದ್ಧತಿ. ಕೆಲಸ ಕೇಳಿ ಬಂದವನ ಕೈ ನೋಡುವ ಮೊದಲು ಜತೆಗೆ ಬಂದವರ ಮುಖ ನೋಡುತ್ತಿದ್ದೆ. ಒಬ್ಬನೇ ಬಂದವನನ್ನು ಸೇರಿಸಿಕೊಂಡದ್ದಿಲ್ಲ. ನಮ್ಮ ಕಡೆ ಹೆಣ್ಣು ಕೇಳಲು, ಹೊಲ ಗುತ್ತಿಗೆಗೆ ಹಿಡಿಯಲು, ಕೆಲಸ ಕೇಳಲು ಯಾರೂ ಒಬ್ಬರೇ ಹೋಗುವುದಿಲ್ಲ. ಮಾತಾಡಲು ಒಬ್ಬ ದೊಡ್ಡವರು ಇರಬೇಕು.

ಮೇಡಂ ಮೊದಲು ಎಡವಿದ ಕಲ್ಲು ಇದೇ. ಇಂಟರ್‌ವ್ಯೂ ಅಭ್ಯಾಸ ಮಾಡಿಸಲು ಒಬ್ಬೊಬ್ಬರನ್ನೇ ಒಳಗೆ ಕರೆದರೆ ಇಬ್ಬಿಬ್ಬರು, ಮೂವರು ಬರುತ್ತಿದ್ದರು. “ನಿನ್ನ ಬಗ್ಗೆ ಹೇಳು,” ಅಂತ ಇವರು ಹುಡುಗನನ್ನು ಕೇಳುವುದು, ಪಕ್ಕದಲ್ಲಿದ್ದ ಚಿಕ್ಕಪ್ಪ ಎದೆ ಮುಂದೆ ಮಾಡಿ, “ಚಾಲಾ ಮಂಚಿ ಪಿಲ್ಲೋಡು ಮೇಡಂ. ಬೀಡಿ ಲೇದು, ಸಿಗರೇಟ್ ಲೇದು,” ಅಂತ ಬಹಳ ಒಳ್ಳೆ ಹುಡುಗ ಅಂತ ತೆಲುಗಿನಲ್ಲಿ ಹೊಗಳುವುದು. ಹುಡುಗ ಅವನ ಹಿಂದೆ ನಿಂತು ತಲೆ ಆಡಿಸುವುದು. ನಾಲ್ಕು ದಿನ ನೋಡಿ, ಒಬ್ಬರೇ ಬರಬೇಕು ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದರು. ಜತೆಗೆ ಬಂದವರೆಲ್ಲ ಕೆಳಗಿಳಿದು ನನ್ನ ಶೆಡ್ಡಿನಲ್ಲಿ ಕಬ್ಬಿಣದ ರಾಶಿಯ ಮೇಲೆ ಕೂರತೊಡಗಿದರು. ಅವರಿಗೆ ಟೀ ತರಿಸುವುದು ನನ್ನ ಪಾಲಿಗೆ ಬಂತು. “ಅವಮ್ಮ ನಮ್ಮನ್ಯಾಕೆ ಓಡಿಸ್ತಾಳಪ್ಪ, ನಾವೇನು ಪರೀಕ್ಷೆಗೆ ಕಾಪಿ ಹೊಡಿಸ್ತೀವಾ?” ಅಂತ ಒಬ್ಬ ಮುದುಕ ನನ್ನನ್ನೇ ಗದರಿಸಿದ್ದ.

ಗಾಡಿಯಲ್ಲಿ ನಾವಿಬ್ಬರೂ ಇದರ ಮೇಲೆ ವಾದ ಮಾಡುತ್ತಿದ್ದೆವು. ನಮ್ಮಲ್ಲಿ ಒಬ್ಬನೇ ಬಂದವನು ಮನೆಯಲ್ಲಿ ಜಗಳ ಆಡಿಕೊಂಡು ಬಂದವನು ಅಂತ ಲೆಕ್ಕ ಅಂತ ನಾನು. ತಮ್ಮಲ್ಲಿ ಅಪ್ಪನನ್ನು ಕರೆದುಕೊಂಡು ಬಂದವನನ್ನು ಬಾಗಿಲಿನಿಂದಲೇ ಕಳಿಸುತ್ತೇವೆ ಅಂತ ಅವರು. ಇಬ್ಬರೂ ಸೋಲುತ್ತಿರಲಿಲ್ಲ. ಪೆನುಕೊಂಡದ ಹತ್ತಿರ ಗಾಡಿ ನಿಲ್ಲಿಸಿ ಬೇಯಿಸಿದ ಕಡಲೆಕಾಯಿ ತಿನ್ನುವಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದೆವು. ಸಿಪ್ಪೆಯನ್ನು ಹೊರಗೆ ಎಸೆಯದೆ ಕರವಸ್ತ್ರದಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದರು ಅವರು. ಈಗಲೂ ಆ ದಾರಿಯಲ್ಲಿ ಕಡಲೆಕಾಯಿ ಕೊಂಡರೆ ಪಕ್ಕದ ಸೀಟಿನ ಕಡೆ ನೋಡುತ್ತೇನೆ.

ಕಲ್ಯಾಣದುರ್ಗದ ತರಗತಿಯಲ್ಲಿ ಬ್ರಹ್ಮಸಮುದ್ರದ ಕಡೆಯ ಒಬ್ಬ ಹುಡುಗಿ ಇದ್ದಳು. ಬಿ.ಕಾಂ. ಮಾಡಿದ್ದಳು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕೆಲಸ ಬೇಕು ಅನ್ನುವುದು ಬಿಟ್ಟರೆ ಬೇರೆ ಆಸೆಯಿಲ್ಲ. ಅವಳಪ್ಪ ಬೋರ್‌ವೆಲ್ಲಿನಿಂದ ಮೋಟರ್ ಎತ್ತುವ ತಂಡದವನು. ಪೈಪು ಎಳೆಯುವಾಗ ಕಿರುಚಿ ಕಿರುಚಿ ಗಂಟಲು ದೊಡ್ಡದಾಗಿತ್ತು. ಅನಂತಪುರದಲ್ಲಿ ಅವಳು ಎರಡು ಕಡೆ ಇಂಟರ್‌ವ್ಯೂಗೆ ಹೋಗಿದ್ದಳು. ಎರಡು ಕಡೆಯೂ ಅಪ್ಪನೇ ಮಾತಾಡಿದ್ದ. ಎರಡನೆಯ ಕಡೆ ಒಬ್ಬ ಅಧಿಕಾರಿ ನಕ್ಕು, “ಕೆಲಸ ನಿಮಗೇ ಕೊಡ್ತೀವಿ, ನಾಳೆಯಿಂದ ಬನ್ನಿ,” ಅಂದನಂತೆ. ಅಪ್ಪ ಅದನ್ನು ತಮಾಷೆಯಾಗಿ ಊರೆಲ್ಲ ಹೇಳಿಕೊಂಡು ಬಂದ. ಮಗಳು ಒಂದು ವಾರ ಅವನ ಜತೆ ಮಾತು ಬಿಟ್ಟಳು.

ಮೂರನೆಯ ಇಂಟರ್‌ವ್ಯೂ ಹಿಂದೂಪುರದ ಪರಿಗಿ ರಸ್ತೆಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಬಂತು. ಇದೂ ಕೈಕೊಟ್ಟರೆ ಕಲ್ಯಾಣದುರ್ಗದಲ್ಲಿರುವ ನೆಂಟರ ಸಿಮೆಂಟ್ ಅಂಗಡಿಯಲ್ಲಿ ಕೂರಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ನೆಂಟರ ಅಂಗಡಿ ಅಂದರೆ ಊಟ ಉಂಟು, ಹಬ್ಬಕ್ಕೊಂದು ಸೀರೆ ಉಂಟು, ಕೆಲಸ ಅಂತ ಹೇಳಿಕೊಳ್ಳಲು ಏನೂ ಇಲ್ಲ. ಅದು ಆ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು.

ಆ ದಿನ ಬೆಳಿಗ್ಗೆ ನಾನೂ ಮೇಡಮ್ಮೂ ಕಲ್ಯಾಣದುರ್ಗದಿಂದ ಹೊರಟಿದ್ದೆವು. ಅಪ್ಪ ಮಗಳನ್ನೂ ಹತ್ತಿಸಿಕೊಂಡೆವು. ಹಿಂದಿನ ಸೀಟಿನಲ್ಲಿ ಮೇಡಂ ಹುಡುಗಿಗೆ ಪ್ರಶ್ನೆ ಕೇಳುತ್ತಲೇ ಇದ್ದರು. ಮುಂದೆ ನನ್ನ ಪಕ್ಕ ಕೂತಿದ್ದ ಅಪ್ಪ, “ನಾನು ಎಲ್ಲಿಗಂಟ ಹೋಗಬಹುದಂತಪ್ಪ?” ಅಂತ ನನ್ನ ಕಿವಿಯಲ್ಲಿ ಕೇಳಿದ.

“ಗೇಟಿನ ತನಕ.”

“ಗೇಟ್ನಾಗೆ ಏನು ಮಾಡ್ಲಿ? ವಾಚ್‌ಮನ್ ಹತ್ರ ಬೀಡಿ ಸೇದ್ಲಾ?”

“ಸೇದು. ನಾನೂ ಇರ್ತೀನಿ.”

“ಮಗಳನ್ನ ಓದ್ಸಿದೋನು ನಾನು, ಹೊರಗೆ ನಿಲ್ಲೋನೂ ನಾನೇ. ಸರ್ಲೇ ಪದ,” ಅಂದ. ಹೋಗಲಿ, ನಡೆ ಅನ್ನುವ ಹಾಗೆ.

ಮೇಡಂ ನನ್ನ ಶೆಡ್ಡಿನ ಹತ್ತಿರವೇ ಇಳಿದುಕೊಂಡರು. ತಾವೂ ಬಂದರೆ ಇನ್ನೊಬ್ಬ ನೆಂಟರನ್ನು ಕರೆತಂದ ಹಾಗಾಗುತ್ತದೆ ಅಂದರು. ಹುಡುಗಿಯ ದುಪ್ಪಟ್ಟದ ತುದಿ ಸರಿಮಾಡಿ ಮೆಟ್ಟಿಲು ಹತ್ತಿದರು.

ಕಾರ್ಖಾನೆಯ ಗೇಟು ನಾನೇ ಮಾಡಿದ್ದು. ಹುಡುಗಿ ಒಳಗೆ ಹೋದ ಮೇಲೆ ಎದುರಿನ ಟೀ ಅಂಗಡಿಯಲ್ಲಿ ಕೂತು ಅದರ ಕೀಲು ಹೇಗೆ ಸದ್ದಿಲ್ಲದೆ ತಿರುಗುತ್ತದೆ ಅಂತ ಅವಳಪ್ಪನಿಗೆ ವಿವರಿಸುತ್ತಿದ್ದೆ. ಅವನು ಹ್ಞೂಂ ಅನ್ನುತ್ತಿದ್ದ, ಕಣ್ಣು ಮಾತ್ರ ಆಫೀಸಿನ ಕಿಟಕಿಯ ಮೇಲೆ. ಎರಡನೇ ಟೀ ಮುಗಿಯುವಷ್ಟರಲ್ಲಿ ಹುಡುಗಿ ಹೊರಗೆ ಬಂದಳು. ಮುಖ ಇಳಿದಿತ್ತು.

“ಏನಾಯ್ತಮ್ಮ?”

“ಎಲ್ಲಾ ಸರಿಯಾಗೇ ಹೇಳ್ದೆ. ಲೆಕ್ಕನೂ ಮಾಡಿಸಿದ್ರು, ಮಾಡ್ದೆ. ಕೊನೇಗೆ ಜತೇಲಿ ಯಾರು ಬಂದವ್ರೆ ಅಂದ್ರು. ಯಾರೂ ಇಲ್ಲ ಸರ್, ಒಬ್ಳೇ ಬಂದೆ ಅಂದೆ.”

“ಅದಕ್ಕೆ?”

“ಬ್ರಹ್ಮಸಮುದ್ರದಿಂದ ಇಲ್ಲಿಗಂಟ ಒಬ್ಳೇನಾ ಅಂದ್ರು. ಪೆನ್ನು ಕೆಳಗಿಟ್ಬುಟ್ರು. ನಾಳೆ ಹಾಸ್ಟೆಲ್‌ನಾಗೆ ಏನಾದ್ರೂ ಆದ್ರೆ ಯಾರನ್ನ ಕೇಳೋದಮ್ಮ, ದೊಡ್ಡೋರು ಯಾರಾದ್ರೂ ಬಂದ ದಿನ ನೋಡಾನ ಅಂದ್ರು.”

ಒಳಗೆ ಕೂತಿದ್ದ ಅಧಿಕಾರಿಯೂ ನಮ್ಮ ಕಡೆಯವನೇ. ನನ್ನ ಹಾಗೆಯೇ ಜತೆಗೆ ಬಂದವರ ಮುಖ ಹುಡುಕಿದ್ದಾನೆ. ನನ್ನ ವಾದ ಗೆದ್ದಿತು ಅನ್ನಿಸಿ ಒಳಗೊಳಗೇ ಹಿಗ್ಗಿದ್ದು ನಿಜ. ಅಪ್ಪ ಆಗಲೇ ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡಿದ್ದ.

“ನಾನು ಅವತ್ತೇ ಹೇಳ್ಲಿಲ್ವಾ? ನಡಿ, ನಾನು ಮಾತಾಡ್ತೀನಿ.”

ನಾನೂ ಎದ್ದೆ. “ನಾನೂ ಬತ್ತೀನಿ ನಡೀರಿ. ಆ ಸಾರು ನಂಗೆ ಗೊತ್ತು. ಗೇಟು ಮಾಡ್ಕೊಟ್ಟೋನು ಬಂದು ಹೇಳಿದ್ರೆ ಇಲ್ಲ ಅನ್ನಾಕಿಲ್ಲ.”

ಹುಡುಗಿ ಅಲ್ಲಾಡಲಿಲ್ಲ. ಟೀ ಅಂಗಡಿಯ ಮುಂದೆ ನಮ್ಮಿಬ್ಬರಿಗೂ ಅಡ್ಡ ನಿಂತಳು. ಒಬ್ಬಳೇ ಹೋದರೆ ಕೆಲಸ ಇಲ್ಲ. ಅಪ್ಪನನ್ನು ಬಿಟ್ಟರೆ ಅನಂತಪುರದ ಕಥೆ.

“ಅಣ್ಣ, ನೀನು ಬರಬ್ಯಾಡ,” ಅಂದಳು ನನಗೆ. ಆಮೇಲೆ ಅಪ್ಪನ ಕಡೆ ತಿರುಗಿ, “ಅಪ್ಪ, ನೀನು ಬಾ. ಮಾತಾಡ್ಬ್ಯಾಡ.”

“ಮಾತಾಡ್ದೆ ಇರಾಕೆ ನಾನ್ಯಾಕಮ್ಮ ಬರಾದು?”

“ಕೂತ್ಕಳಾಕೆ.”

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವಳು ಮುಂದೆ, ಅವನು ಹಿಂದೆ, ಇಬ್ಬರೂ ಗೇಟು ದಾಟಿದರು. ನನಗೆ ಬೇಸರವಾಗಿತ್ತು ಅಂತಲೇ ಹೇಳಬೇಕು. ಇಷ್ಟು ವರ್ಷದಲ್ಲಿ ಎಷ್ಟೋ ಜನರ ಪರವಾಗಿ ಮಾತಾಡಿದ್ದೇನೆ. ಬರಬೇಡ ಅಂದವರು ಯಾರೂ ಇರಲಿಲ್ಲ.

ಒಳಗೆ ನಡೆದದ್ದನ್ನು ಆಮೇಲೆ ಗಾಡಿಯಲ್ಲಿ ಅಪ್ಪನೇ ಹೇಳಿದ. “ಒಳಗೆ ಹೋಗ್ತಿದ್ದಂಗೆ ಕುರ್ಚಿ ಎಳೆದು ನನ್ನ ಕೂರಿಸ್ಬುಟ್ಲು ಕಣಪ್ಪ. ಇವಳು ನಿಂತವ್ಳೆ. ಸರ್, ಇವ್ರು ನಮ್ಮಪ್ಪ, ಗೇಟ್ನಾಗೆ ನಿಂತಿದ್ರು, ಬೋರ್ ಮೋಟರ್ ಕೆಲಸ ಮಾಡ್ತಾರೆ, ನಿಮಗೆ ಏನು ಬೇಕೋ ನನ್ನ ಕೇಳಿ, ನಾನು ಹೇಳಿದ್ದು ನಿಜನಾ ಸುಳ್ಳಾ ಅಂತ ಬೇಕಿದ್ರೆ ಇವ್ರ ಮುಖ ನೋಡ್ಕಳಿ ಅಂದ್ಲು. ಅಲ್ಲಪ್ಪ, ನನ್ನ ಪರಿಚಯ ಮಾಡ್ಸೋಳು ಇವಳು.”

“ಸಾರು ಏನಂದ್ರು?”

“ಹುಡುಗೀನ ಹಾಸ್ಟೆಲ್‌ನಾಗೆ ಬಿಡ್ತೀಯೇನಪ್ಪ ಅಂತ ನನ್ನೇ ಕೇಳಿದ್ರು. ನಾನು ಬಾಯಿ ತೆಗೀಬೇಕು, ಇವಳು ಅಂದ್ಬುಟ್ಲು, ಬಿಡ್ತಾರೆ ಸರ್, ಕೇಳಿದೀನಿ ಅಂತ. ನನ್ನ ಯಾವಾಗ ಕೇಳಿದ್ಲು ಅಂತ ನಾನು ನೆನಪು ಮಾಡ್ಕಂತಿದ್ದೀನಿ. ಅವ್ರು ನನ್ನ ಮುಖಾನೇ ನೋಡ್ತಾವ್ರೆ.”

“ನೀನೇನು ಮಾಡ್ದೆ?”

“ಏನ್ಮಾಡ್ಲಿ. ಹ್ಞೂಂ ಅಂತ ತಲೆ ಆಡಿಸ್ದೆ. ಅಷ್ಟೇ ಕಣಪ್ಪ ನಾನು ಮಾಡಿದ್ದು.”

ಕನ್ನಡಿಯಲ್ಲಿ ನೋಡಿದರೆ ಹಿಂದೆ ಕೂತಿದ್ದ ಹುಡುಗಿ ದುಪ್ಪಟ್ಟವನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಸೋಮವಾರದಿಂದ ಬರಲು ಹೇಳಿದ್ದರು.

ಮೇಡಂಗೆ ನಾನೇ ನನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅಪ್ಪ ಒಳಗೆ ಹೋದ ಅಂದ ಕೂಡಲೇ ಅವರ ಮುಖ ಗಂಟಿಕ್ಕಿತು. ಕೂತಿದ್ದ, ಮಾತಾಡಲಿಲ್ಲ ಅಂದಾಗ ಇನ್ನೊಂದು ಸಲ ಹೇಳಿ ಅಂದರು. ಮುಂದಿನ ವಾರ ಅಭ್ಯಾಸಕ್ಕೆ ಮೇಜಿನ ಮುಂದೆ ಇನ್ನೊಂದು ಕುರ್ಚಿ ಬಂತು. ಜತೆಗೆ ಬಂದವರು ಅದರಲ್ಲಿ ಕೂರಬಹುದು, ಬಾಯಿ ತೆರೆಯುವಂತಿಲ್ಲ. ತೋರಿಸಿಕೊಡಲು ಮೊದಲ ದಿನ ನನ್ನನ್ನೇ ಕೂರಿಸಿದರು. ಎದುರಿಗಿದ್ದ ಹುಡುಗ ತಾನು ಕಲಿತ ಡಿಪ್ಲೊಮಾದ ಹೆಸರನ್ನೇ ತಡವರಿಸತೊಡಗಿದ. ನಾನು ತಡೆಯಲಾರದೆ ಹೇಳಿಬಿಟ್ಟೆ. ಇಡೀ ಹಾಲ್ ನಕ್ಕಿತು. ಮೇಡಂ ನನ್ನನ್ನು ಎಬ್ಬಿಸಿ ಕೆಳಗೆ ಕಳಿಸಿದರು. ಜೀವನದಲ್ಲಿ ಕ್ಲಾಸಿನಿಂದ ನನ್ನನ್ನು ಹೊರಗೆ ಹಾಕಿದ್ದು ಅದೊಂದೇ ಸಲ. ಸ್ಕೂಲನ್ನು ನಾನಾಗೇ ಬಿಟ್ಟಿದ್ದೆ.

ಬೇಸಿಗೆ ಬಲಿಯುವ ಹೊತ್ತಿಗೆ ಅವರು ತಮ್ಮ ದೇಶಕ್ಕೆ ಹೋದರು. ಆಗಾಗ ಫೋನಿನಲ್ಲಿ ಮಂಜು ಬಿದ್ದ ಅಂಗಳದ ಚಿತ್ರ ಕಳಿಸುತ್ತಾರೆ. ನಾನು ಮಾಡಿದ ಗೇಟುಗಳ ಚಿತ್ರ ಕಳಿಸುತ್ತೇನೆ. ಮೇಲಿನ ಹಾಲ್‌ನಲ್ಲಿ ಈಗ ಶಟರಿನ ಪಟ್ಟಿಗಳಿವೆ.

ಅವರು ಇನ್ನೂ ಇಲ್ಲಿದ್ದಾಗಿನ ಆ ಸೋಮವಾರವೇ ನನಗೆ ಹೆಚ್ಚು ನೆನಪಾಗುವುದು. ಹುಡುಗಿಯನ್ನು ಹಾಸ್ಟೆಲಿಗೆ ಬಿಡಲು ಅಪ್ಪ ಬಂದಿದ್ದ. ಹಾಸ್ಟೆಲಿನ ಮೇಲ್ವಿಚಾರಕಿ ಏನು ಕೇಳಿದರೂ ಮಗಳ ಕಡೆ ಕೈ ತೋರಿಸಿ ಸುಮ್ಮನಾದ. ಅವಳು ಒಳಗೆ ಹೋಗುವಾಗ, “ಹೋಯ್ತೀನಮ್ಮ,” ಅಂದವನು ತಕ್ಷಣ ತಿದ್ದಿಕೊಂಡು, “ಬತ್ತೀನಿ,” ಅಂದ. ಅಷ್ಟೇ. ಬಸ್ ಸ್ಟ್ಯಾಂಡಿನ ತನಕ ನನ್ನ ಜತೆಯೂ ಮಾತಿಲ್ಲ.

ಕಲ್ಯಾಣದುರ್ಗದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತ, ನಾನು ಕೆಳಗೆ ನಿಂತೆ. ಕಂಡಕ್ಟರ್ ಹತ್ತಿರ ಬಂದದ್ದೇ ತಡ, ಅವನ ಗಂಟಲು ತೆರೆಯಿತು.

“ನಮ್ಮ ಹುಡುಗಿ ಕಣಪ್ಪ, ಪರಿಗಿ ರಸ್ತೆ ಕಾರ್ಖಾನೇಲಿ ಲೆಕ್ಕ ಬರೀತಾಳೆ. ಬಿ.ಕಾಂ. ಒಳ್ಳೆ ಹುಡುಗಿ. ಚಿಕ್ಕೋಳಿದ್ದಾಗಿಂದ ಸುಳ್ಳು ಹೇಳಿದ್ದಿಲ್ಲ. ಮೊನ್ನೆ ಎರಡು ಹೇಳಿದ್ಲು, ಅದ್ರಾಗೆ ಒಂದು ನನ್ನ ಮುಂದೇನೇ ಹೇಳಿದ್ಲು.”

ಆಫೀಸಿನಲ್ಲಿ ಆಡಬೇಕೆಂದು ಬ್ರಹ್ಮಸಮುದ್ರದಿಂದ ಹೊತ್ತು ತಂದಿದ್ದ ಮಾತನ್ನೆಲ್ಲ ಅಲ್ಲಿ ಇಳಿಸುತ್ತಿದ್ದ. ಹಿಂದಿನ ಸೀಟಿನವರೂ ಕಿವಿ ಕೊಟ್ಟಿದ್ದರು.

“ಸರೇ ಪೆದ್ದಾಯನ, ಆಯ್ತು ಯಜಮಾನ,” ಅಂದ ಕಂಡಕ್ಟರ್, “ಎಲ್ಲಿಗೆ ಟಿಕೆಟ್ಟು, ಅದನ್ನ ಹೇಳು ಮೊದ್ಲು.”

“ಹೇಳ್ತೀನಿ ಇರು,” ಅಂದ ಅವನು. “ನೀನು ಪೂರ್ತಿ ಕೇಳಿಸ್ಕೋ.”