ನಿವಾಳಿಸಿದ ಮೆಣಸಿನಕಾಯಿ

ಬ್ಯಾಡಗಿಯ ಫಕ್ಕೀರಸಾಬನ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಮನೆಯವಳು, ಅವನೇನು ಅಂಥ ದೊಡ್ಡ ಮನುಷ್ಯನೇ ಎಂದು ಕೇಳಿದಳು. ಅಲ್ಲ. ಸ್ಟೇಷನ್ ರಸ್ತೆಯಲ್ಲಿ ತಗಡಿನ ಚಪ್ಪರದ ಕೆಳಗೆ ಖಾನಾವಳಿ ನಡೆಸುತ್ತಿದ್ದ ಅಡುಗೆಯವ. ಎದುರಿಗೇ ನನ್ನ ಗೋಣಿಚೀಲದ ಅಂಗಡಿ. ಹದಿನೈದು ವರ್ಷ ಮಧ್ಯಾಹ್ನದ ಊಟ ಅವನ ಕೈಯಲ್ಲೇ ಉಂಡಿದ್ದೇನೆ. ಅವನ ಸಾರಿನ ರುಚಿಯೂ ಗೊತ್ತು, ಮೊಂಡುತನವೂ ಗೊತ್ತು. ದೊಡ್ಡ ಮನುಷ್ಯರ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ.

ಇರಾಕಿನ ಯುದ್ಧ ಶುರುವಾದಾಗ ಅವನ ಖಾನಾವಳಿಯ ಟೀವಿ ಮುಂದೆ ಜನ ಕ್ರಿಕೆಟ್ ಮ್ಯಾಚಿಗೆ ಕೂತಂತೆ ಕೂತಿದ್ದರು. ಪೇಟೆಯ ಹಮಾಲರು ರೊಟ್ಟಿ ಮುರಿಯುತ್ತ, ಯಾರು ಗೆಲ್ಲುತ್ತಾರೆ ಎಂದು ವಾದ ಹಾಕಿದರು. ಕೆಲವೇ ವಾರಗಳಲ್ಲಿ ರಾಜಧಾನಿ ಬಿತ್ತು. ಯುದ್ಧ ಮುಗಿಯಿತು ಎಂದು ಟೀವಿಯವರು ಹೇಳಿದರು, ನಾವೂ ನಂಬಿದೆವು. ಆಮೇಲೆ ಆ ದೇಶದ ಸುದ್ದಿ ಬಂದರೆ ಯಾರಾದರೂ ಎದ್ದು ಚಾನೆಲ್ ತಿರುಗಿಸುತ್ತಿದ್ದರು. ನಾನೂ ತಿರುಗಿಸಿದ್ದೇನೆ.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಒಬ್ಬ ಏಜೆಂಟ್ ಬಂದು, ಕುವೈತಿನ ಹೋಟೆಲ್ಲೊಂದಕ್ಕೆ ಅಡುಗೆಯವರು, ಡ್ರೈವರುಗಳು ಬೇಕು ಎಂದ. ಫಕ್ಕೀರಸಾಬ ಒಪ್ಪಿದ. ಒಬ್ಬನೇ ಹೋಗಲು ಧೈರ್ಯ ಸಾಲದೆ ಅಗಡಿಯ ಹನುಮೇಶನನ್ನೂ ಹೊರಡಿಸಿದ. ಹನುಮೇಶ ಮೆಣಸಿನಕಾಯಿ ಲಾರಿಯ ಡ್ರೈವರ್, ಮೂವತ್ತರ ಹತ್ತಿರದವ, ಖಾನಾವಳಿಗೆ ಬಂದರೆ ಫಕ್ಕೀರಸಾಬನನ್ನು ಕಾಕಾ ಎಂದು ಕರೆದು ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದವ. ಅವನ ತಾಯಿ ಉಡಚವ್ವನನ್ನು ಒಪ್ಪಿಸಲು ಫಕ್ಕೀರಸಾಬ ತಾನೇ ಪೇಟೆಗೆ ಹೋದ.

ಉಡಚವ್ವ ದಿನಾ ಅಗಡಿಯಿಂದ ಬಸ್ಸಿನಲ್ಲಿ ಬಂದು ನಮ್ಮ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಆ ಕೆಲಸದ ಹೆಂಗಸರು ಕೈ ತೊಳೆಯದೆ ಕಣ್ಣು ಮುಟ್ಟುವುದಿಲ್ಲ. ಬೆವರು ಬಂದರೆ ತೋಳಿಗೆ ಒರೆಸಿಕೊಳ್ಳುತ್ತಾರೆ. ಅಳು ಬಂದರೂ ಮೊದಲು ನಲ್ಲಿಗೆ ಹೋಗಿ ಕೈ ತೊಳೆದು, ಆಮೇಲೆ ಅಳಬೇಕು. ಹಾಗೆಂದು ಅವರೇ ಒಬ್ಬರನ್ನೊಬ್ಬರು ಚೇಷ್ಟೆ ಮಾಡಿ ನಗುತ್ತಿರುತ್ತಾರೆ.

ಹೊರಡುವ ದಿನ ಆಕೆ ಒಂದು ಬಟ್ಟೆಗಂಟಿನ ತುಂಬ ಒಣ ಮೆಣಸಿನಕಾಯಿ ತಂದು ಫಕ್ಕೀರಸಾಬನ ಕೈಗೆ ಕೊಟ್ಟಳು.

"ಅಣ್ಣಾರ, ಅಂವ ಗಾಡಿ ತಗೊಂಡು ಹೋಗಿ ಬಂದಾಗೊಮ್ಮೆ ನಿವಾಳಿಸಿ ಬೆಂಕಿಗೆ ಒಗೀರಿ. ಹೆಂಗ ಕರಕೊಂಡು ಹೊಂಟೀರಿ, ಹಂಗ ಕರಕೊಂಡು ಬರ್ರಿ."

ದೃಷ್ಟಿ ಅನ್ನಿ, ನಜರ್ ಅನ್ನಿ, ತೆಗೆಯುವ ರೀತಿ ನಮ್ಮ ಕಡೆ ಒಂದೇ. ಮೆಣಸಿನಕಾಯಿ, ಉಪ್ಪು ಹಿಡಿದು ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟು ಎದ್ದು ಕೆಮ್ಮು ಬಂದರೆ ಯಾರ ಕಣ್ಣೂ ಬಿದ್ದಿಲ್ಲ ಎಂದು ಅರ್ಥ. ಘಾಟು ಬರದಿದ್ದರೆ ಮಾತ್ರ ಗಾಬರಿಯಾಗಬೇಕು. ಫಕ್ಕೀರಸಾಬ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕರೆದುಕೊಂಡೇ ಬರುತ್ತೇನೆ ಎಂದು ಮಾತು ಕೊಟ್ಟ.

ಕುವೈತಿನಲ್ಲಿ ಅವರು ಇದ್ದದ್ದು ಒಂಬತ್ತು ದಿನ. ಹೋಟೆಲ್ಲು ಕಣ್ಣಿಗೆ ಬೀಳಲೇ ಇಲ್ಲ. ಪಾಸ್‌ಪೋರ್ಟುಗಳನ್ನು ಏಜೆಂಟ್ ಅವರನ್ನು ಒಪ್ಪಿಸಿದ ಗುತ್ತಿಗೆದಾರ ಇಸಿದುಕೊಂಡ. ಒಂದು ಮುಂಜಾನೆ ಬಸ್ಸು ಹತ್ತಿಸಿ ಮರಳುಗಾಡು ದಾಟಿಸಿದರು. ಇಳಿದಾಗ ಸುತ್ತಲೂ ಮುಳ್ಳುತಂತಿ, ಬಂದೂಕು, ಸೈನ್ಯದ ಡೇರೆಗಳು. ನಾವು ಚಾನೆಲ್ ತಿರುಗಿಸಿದ ಯುದ್ಧದ ನಡುವೆಯೇ ಅವರನ್ನು ತಂದು ಬಿಟ್ಟಿದ್ದರು. ಫಕ್ಕೀರಸಾಬ ಸೈನಿಕರ ಊಟದ ಡೇರೆಗೆ, ಹನುಮೇಶ ಸಾಮಾನು ತರುವ ಲಾರಿಗೆ. ಹೆಂಡತಿ ಅಕ್ಬರಬಿಗೆ ಫೋನು ಮಾಡಿದಾಗೆಲ್ಲ ಫಕ್ಕೀರಸಾಬ ಕುವೈತಿನ ಹೋಟೆಲ್ಲಿನ ಕಥೆಯನ್ನೇ ಹೇಳಿದ. ಎದುರು ಅಂಗಡಿಯ ನನಗೂ ಅದನ್ನೇ ಹೇಳಿದ. ಇದು ಗೊತ್ತಾದಾಗ ನನಗೆ ಮೈಯೆಲ್ಲ ಉರಿಯಿತು.

ಯುದ್ಧ ಹೇಗೆ ನಡೆದಿದೆ ಎಂಬುದು ದೊಡ್ಡವರಿಗಿಂತ ಮೊದಲು ಅಡುಗೆಯವನಿಗೆ ತಿಳಿಯುತ್ತದೆ ಎಂದು ಅವನು ಆಮೇಲೆ ನನಗೆ ಹೇಳಿದ. ಮೊದಲ ತಿಂಗಳುಗಳಲ್ಲಿ ಸೇಬು, ತತ್ತಿ, ಐಸ್‌ಕ್ರೀಮು ಬಂದು ಬೀಳುತ್ತಿದ್ದವು. ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಆಮೇಲೆ ಆ ಸೈನ್ಯವನ್ನು ಓಡಿಸಲು ನಿಂತವರು ದಾರಿಯಲ್ಲಿ ಲಾರಿಗಳನ್ನು ಸುಡತೊಡಗಿದರು. ಸೇಬು ನಿಂತಿತು. ತತ್ತಿಯ ಬದಲು ತತ್ತಿಪುಡಿ ಬಂತು. ಕೊನೆಗೆ ವಾರಗಟ್ಟಲೆ ಡಬ್ಬಿಯ ಅವರೆಬೀಜ, ಅದೂ ಎರಡು ಹೊತ್ತು.

ಡೇರೆಯ ಬಾಗಿಲಲ್ಲಿ ಒಟ್ಟಿಗೆ ಯುದ್ಧಕ್ಕೆ ಬಂದ ಏಳು ದೇಶಗಳ ಬಾವುಟಗಳಿದ್ದವು. ಒಂದೊಂದು ದೇಶದವರಿಗೂ ಒಂದೊಂದು ಸಾಲು ಮೇಜು. ಒಂದು ಬೆಳಗ್ಗೆ ಒಂದು ಸಾಲಿನವರು ಊಟಕ್ಕೇ ಬರಲಿಲ್ಲ. ಅವರ ದೇಶದಲ್ಲಿ ಜನ ಬೀದಿಗೆ ಇಳಿದು, ಹುಡುಗರನ್ನು ವಾಪಸ್ ಕರೆಸಿ ಎಂದಿದ್ದರಂತೆ. ಸಂಜೆ ಒಬ್ಬ ಸೈನಿಕ ಏಣಿ ಹತ್ತಿ ಅವರ ಬಾವುಟ ಬಿಚ್ಚಿದ. ನಮ್ಮ ಕಡೆ ಮಳೆಗಾಲ ಬರುವ ಹೊತ್ತಿಗೆ ಇನ್ನೊಂದು ಹೋಯಿತು. ಆಮೇಲೆ ಮತ್ತೆರಡು. ಫಕ್ಕೀರಸಾಬ ಅನ್ನಕ್ಕೆ ಇಡುವ ಎಸರು ಕಡಿಮೆ ಮಾಡುತ್ತ ಹೋದ. ಉಳಿದ ಸೈನಿಕರು ಮೊದಲಿನಂತೆ ಅವನ ಮೀಸೆಯ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟರು. ಒಬ್ಬನಿಗೆ ಮೂರು ಸಲ ಮನೆಗೆ ಹೋಗುವ ದಿನಾಂಕ ಕೊಟ್ಟು ಮೂರು ಸಲವೂ ಮುಂದೂಡಿದರು. ಅವನು ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಕೂತಿರುತ್ತಿದ್ದ.

ಹನುಮೇಶ ಲಾರಿ ತಂದಾಗೊಮ್ಮೆ ಫಕ್ಕೀರಸಾಬ ಡೇರೆಯ ಹಿಂದೆ ಮೂರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದ. ಇಬ್ಬರೂ ಕೆಮ್ಮುತ್ತಿದ್ದರು, ನಗುತ್ತಿದ್ದರು, ಉಣ್ಣುತ್ತಿದ್ದರು. ಬಿಟ್ಟುಬಿಡಿ, ಊರಿಗೆ ಹೋಗುತ್ತೇವೆ ಎಂದು ಗುತ್ತಿಗೆದಾರನನ್ನು ಎಷ್ಟೋ ಸಲ ಕೇಳಿದರು. ಪಾಸ್‌ಪೋರ್ಟು ಕೊಡಲಿಲ್ಲ.

ಹದಿನಾಲ್ಕನೆಯ ತಿಂಗಳು ಹನ್ನೆರಡು ಲಾರಿ ಹೋದವು, ಮೂರು ದಿನಕ್ಕೆ ಐದು ಬಂದವು. ಐದನೆಯದರಲ್ಲಿ ಹನುಮೇಶನಿದ್ದ. ಲಾರಿಗೆ ಮುಂದಿನ ಗಾಜು ಇರಲಿಲ್ಲ. ಫಕ್ಕೀರಸಾಬ ಮೂರು ಕಾಯಿ ಸಾಲವು ಅನ್ನಿಸಿ ಗಂಟಿನಲ್ಲಿ ಉಳಿದದ್ದನ್ನೆಲ್ಲ ಬಾಚಿಕೊಂಡು ನಿವಾಳಿಸಿ ಕೆಂಡಕ್ಕೆ ಸುರಿದ. ಪಕ್ಕದಲ್ಲೇ ಡೇರೆಗೆ ಗಾಳಿ ಎಳೆಯುವ ದೊಡ್ಡ ಮಷಿನು ಇತ್ತು. ಪುಣ್ಯಾತ್ಮ ಅದನ್ನು ನೋಡಲಿಲ್ಲ.

ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ಕೆಂಡಕ್ಕೆ ಬಿದ್ದರೆ ಅದರ ಮಾತೇ ಬೇರೆ. ಒಳಗೆ ಉಣ್ಣುತ್ತಿದ್ದ ಇನ್ನೂರು ಸೈನಿಕರಿಗೆ ಒಮ್ಮೆಲೇ ಕೆಮ್ಮು, ಕಣ್ಣುರಿ. ಯಾರೋ ವಿಷದ ಗಾಳಿ ಎಂದು ಕೂಗಿದ. ಸೈರನ್ ಹೊಡೆಯಿತು. ಮುಖವಾಡ ಹಾಕಿಕೊಂಡವರು ಹಾಕಿಕೊಂಡರು, ಹಾಕದವರು ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಅಂಥ ಸೈನ್ಯ, ಅಂಥ ಬಂದೂಕು, ಒಂದು ಬೊಗಸೆ ಮೆಣಸಿನಕಾಯಿಗೆ ಚೆಲ್ಲಾಪಿಲ್ಲಿಯಾಯಿತು. ಕೇಳಿ ನಾನು ನಕ್ಕೆ, ನಕ್ಕದ್ದಕ್ಕೆ ನನಗೇ ಹೆದರಿಕೆಯಾಯಿತು. ಫಕ್ಕೀರಸಾಬ ಮಾತ್ರ ಆ ಗದ್ದಲದ ನಡುವೆ ಕಣ್ಣೀರು ಸುರಿಸುತ್ತ ಖುಷಿಯಾಗಿ ನಿಂತಿದ್ದ. ಘಾಟು ಬಂದಿತ್ತಲ್ಲ.

ವಿಚಾರಣೆಗೆ ಇಬ್ಬರನ್ನೂ ಹಿಡಿದರು. ಹಿಂದಿ ಬಲ್ಲವನೊಬ್ಬ ನಡುವೆ ಕೂತು, ತಪ್ಪಿತಸ್ಥನನ್ನು ನಾಳೆಯೇ ಅವನ ದೇಶಕ್ಕೆ ಅಟ್ಟುತ್ತೇವೆ ಎಂದು ತಿಳಿಸಿದ. ಫಕ್ಕೀರಸಾಬನಿಗೆ ಹುಡುಗನನ್ನು ಮನೆಗೆ ಮುಟ್ಟಿಸುವ ಹಾದಿ ಕಂಡಂತಾಯಿತು. ಹನುಮೇಶನ ಕಡೆ ಬೆರಳು ತೋರಿಸಿ, ಕಾಯಿ ಇವನದು, ಇವನ ತಾಯಿ ಕೊಟ್ಟದ್ದು, ಇವನೇ ಸುಡಿಸಿದ್ದು, ಇವನನ್ನೇ ಅಟ್ಟಿ ಎಂದ. ಹಿಂದಿ ಬಾರದ ಹನುಮೇಶನಿಗೆ ಆ ಬೆರಳಷ್ಟೇ ಕಂಡಿತು, ದಂಗಾಗಿ ಅವನನ್ನೇ ನೋಡಿದ.

"ಕಾಕಾ, ನೀವೂ ಹಿಂಗ ಮಾಡಿದ್ರಿ?"

ಅಧಿಕಾರಿ ಒಂದು ಕಾಗದ ತಿರುವಿ ನೋಡಿದ. ಉಣ್ಣುವವರು ಅರ್ಧಕ್ಕೆ ಇಳಿದಿದ್ದಾರೆ, ಅಡುಗೆಯವರು ಹೆಚ್ಚಾಗಿದ್ದಾರೆ. ಲಾರಿಗೆ ಮಾತ್ರ ಡ್ರೈವರುಗಳಿಲ್ಲ ಎಂದ. ತಪ್ಪು ಯಾರದೆಂದು ಮತ್ತೆ ಯಾರೂ ಕೇಳಲಿಲ್ಲ. ಮರುದಿನ ಫಕ್ಕೀರಸಾಬನಿಗೆ ಪಾಸ್‌ಪೋರ್ಟು ಸಿಕ್ಕಿತು, ಹನುಮೇಶನಿಗೆ ಗಾಜು ಹಾಕಿಸಿದ ಲಾರಿ. ಯಾಕೆ ಹಾಗೆ ಹೇಳಿದೆ ಎಂದು ಹನುಮೇಶನಿಗೆ ವಿವರಿಸಲು ಸಹ ಬಿಡಲಿಲ್ಲವಂತೆ.

ಊರಿಗೆ ಬಂದು ಮೂರು ದಿನ ಫಕ್ಕೀರಸಾಬ ಖಾನಾವಳಿಯ ಹಿಂದಿನ ಮನೆ ಬಿಟ್ಟು ಹೊರಬೀಳಲಿಲ್ಲ. ಮಗ ಆರಾಮ ಇದ್ದಾನೆ, ಹಿಂದಿನಿಂದ ಬರುತ್ತಾನೆ ಎಂದು ಅಕ್ಬರಬಿಯ ಕೈಲಿ ಉಡಚವ್ವನಿಗೆ ಹೇಳಿ ಕಳಿಸಿದ. ನಾಲ್ಕನೆಯ ದಿನ ಹತ್ತು ಗಂಟೆಗೆ ನನ್ನ ಅಂಗಡಿಗೆ ಫೋನು ಬಂತು. ಆ ಶಿಬಿರದಲ್ಲಿ ಅವನ ಜೊತೆ ಅಡುಗೆ ಮಾಡುತ್ತಿದ್ದ ಕೇರಳದವನು. ನಾನೇ ರಸ್ತೆ ದಾಟಿ ಫಕ್ಕೀರಸಾಬನನ್ನು ಕರೆತಂದೆ. ಅವನು ಕೇಳಿಸಿಕೊಂಡ, ಫೋನು ಇಟ್ಟ, ನನಗೆ ಹೇಳಿದ. ಲಾರಿ ಸುಟ್ಟಿತ್ತು. ಹನುಮೇಶ ಅದರೊಳಗೇ ಇದ್ದ.

ಅಂಗಡಿಯಲ್ಲಿ ಚೀಲ ಕೊಳ್ಳಲು ಬಂದಿದ್ದ ವ್ಯಾಪಾರಿಗೂ ಇದು ಕೇಳಿಸಿತು. ಅವನು ಕೆಟ್ಟವನಲ್ಲ. ಆದರೂ, "ಆ ಯುದ್ಧ ಮುಗದಿತ್ತಲ್ರಿ?" ಎಂದ.

ನೀವೂ ಬನ್ನಿ ಎಂದು ಫಕ್ಕೀರಸಾಬ ನನ್ನನ್ನು ಕರೆದ. ಪೇಟೆಯಲ್ಲಿ ಸುಗ್ಗಿ ಜೋರಾಗಿತ್ತು. ಉಡಚವ್ವ ಹತ್ತು ಹನ್ನೆರಡು ಹೆಂಗಸರ ನಡುವೆ ಕೆಂಪು ರಾಶಿಯ ಮುಂದೆ ಕೂತಿದ್ದಳು. ಅವನನ್ನು ನೋಡಿ ಮುಖ ಅರಳಿಸಿದಳು. ಮೊದಲು ಕೇಳಿದ್ದು ಅದನ್ನೇ.

"ಕಡೀ ಸಲ ನಿವಾಳಿಸಿದಾಗ ಘಾಟು ಬಂತೇನ್ರಿ ಅಣ್ಣಾರ?"

ಅವನು ಸುಳ್ಳು ಹೇಳಲಿಲ್ಲ. ಬಂತು, ಇನ್ನೂರು ಮಂದಿ ಕೆಮ್ಮಿದರು ಎಂದ. ಆಕೆ ಪಕ್ಕದ ಗದಿಗೆವ್ವನ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ನಕ್ಕು, "ಹಂಗಾರ ನನ್ನ ಮಗಗ ಏನೂ ಆಗೂದಿಲ್ಲ ಬಿಡ್ರಿ" ಎಂದು ಮತ್ತೊಂದು ಹಿಡಿ ಕಾಯಿ ತೊಡೆಯ ಮೇಲೆ ಎಳೆದುಕೊಂಡಳು. ನಾನು ಅಲ್ಲಿಂದ ಓಡಿಹೋಗಬೇಕು ಅಂದುಕೊಂಡೆ.

ಫಕ್ಕೀರಸಾಬ ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಉಡಚಕ್ಕ, ಮೊದಲ ಹೋಗಿ ಕೈ ತೊಳಕೊಂಡು ಬಾ."

ಆಕೆಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು. ಸೆರಗು ಕೊಡವಿ ಎದ್ದು ನಲ್ಲಿಗೆ ಹೋದಳು. ಬೆರಳು ಬೆರಳಿನ ಸಂದಿ ತಿಕ್ಕಿ ತೊಳೆದಳು, ಮತ್ತೆ ತೊಳೆದಳು, ನಲ್ಲಿ ನಿಲ್ಲಿಸಲೇ ಇಲ್ಲ. ಗದಿಗೆವ್ವ ಎದ್ದಳು. ಅವಳ ಹಿಂದೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು, ಕೈ ತೊಳೆಯಲು ಉಡಚವ್ವನ ಹಿಂದೆ ಸಾಲಾಗಿ ನಿಂತರು. ಫಕ್ಕೀರಸಾಬ ಇನ್ನೂ ಏನೂ ಹೇಳಿರಲಿಲ್ಲ.