ಕರಡಿ ದಾರಿಯಲ್ಲಿ ಅಣ್ಣನ ಮಗ್ಗಿ

ಗಂಗಾವತಿಯಿಂದ ಆನೆಗೊಂದಿಗೆ ಬಸ್ಸಿನಲ್ಲಿ ತಲಾ ಎಂಟು ರೂಪಾಯಿ. ಅಣ್ಣ ತನ್ನ ಟಿಕೆಟ್ಟು ತೆಗೆಸಿದ, ನಾನು ನನ್ನದು. ನಾವು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ತಂಗಿಯ ಮದುವೆಯಲ್ಲಿ, ಬೀಗರ ಎದುರಿಗೇ, "ನೀ ಯಾವಾಗ ಹಿರ್ಯಾನಂಗ ನಡಕೊಂಡಿ?" ಎಂದು ನಾನು ಅಂದುಬಿಟ್ಟಿದ್ದೆ. ಈಗ ಅವ್ವನ ಹರಕೆ: ಇಬ್ಬರೂ ಕೂಡಿ ಹೋಗಿ ಗುಡ್ಡದ ದೇವಿಗೆ ಕಾಯಿ ಒಡೆಸಬೇಕು. ಅವನು ಕುಷ್ಟಗಿಯಿಂದ ಬಂದ, ನಾನು ಯಲಬುರ್ಗಾದಿಂದ.

ಆನೆಗೊಂದಿಯಲ್ಲಿ ಒಗ್ಗರಣಿ-ಮಿರ್ಚಿ ತಿಂದು ಬಾಳೆತೋಟ ದಾಟುವಾಗ ತೋಟದ ಮುದುಕಿಯೊಬ್ಬಳು ತಡೆದಳು.

"ಹಿಂಗ ಸುಮ್ಮನ ಹೊಂಟೀರೇನ್ರಿ? ಮ್ಯಾಲ ಕರಡಿ ಮರಿ ಹಾಕೈತಿ. ಗೆದ್ದಲ ಹೀರಾಕ ಹತ್ತಿದ್ರ ಅದಕ್ಕ ಏನೂ ಕೇಳಂಗಿಲ್ಲ. ಒಮ್ಮಿಗೇ ಎದುರಾದ್ರ ಅಂಜಿ ಮೈಮ್ಯಾಲೇ ಹಾಯತೈತಿ. ಜೋರ ಮಾತಾಡ್ಕೋತ ಹೋಗ್ರಿ."

ಕರಡಿ ಎಂದರೆ ದಟ್ಟ ಕಾಡಿನದು ಎಂದುಕೊಂಡವನು ನಾನು. ನೆರಳಿಗೂ ಗತಿಯಿಲ್ಲದ ಈ ಗುಡ್ಡದ ಬಂಡೆಗಳಲ್ಲಿ ಅದು ಸಂಸಾರ ಹೂಡುತ್ತದೆಂದು ಗೊತ್ತಿರಲಿಲ್ಲ. ನನಗೆ ಅಲ್ಲಿಂದಲೇ ಹೆದರಿಕೆ ಹತ್ತಿತು. ಆದರೆ ಮಾತಾಡುವುದು ಯಾರೊಂದಿಗೆ? ಅಣ್ಣ ಸಾಲಿ ಮಾಸ್ತರ. ಗಂಟಲು ಸರಿಮಾಡಿಕೊಂಡು ಹದಿಮೂರರ ಮಗ್ಗಿ ಶುರು ಮಾಡಿದ. ನಾನು ಹಿಂದಿನಿಂದ ಕಂಡಕ್ಟರನಂತೆ "ಕೊಪ್ಪಳ, ಕುಷ್ಟಗಿ, ಗಂಗಾವತಿ" ಎಂದು ಕೂಗುತ್ತ ಹತ್ತಿದೆ.

ಹದಿನೇಳರ ಮಗ್ಗಿಗೆ ಅಣ್ಣ ನಿಂತುಬಿಟ್ಟ. ಇಪ್ಪತ್ತು ಹೆಜ್ಜೆ ಮುಂದೆ ಕರಡಿ. ಬೆನ್ನ ಮೇಲೆ ಎರಡು ಮರಿಗಳು ಕೂದಲು ಹಿಡಿದು ಕೂತಿದ್ದವು. ಕರಡಿ ಮರಿಗಳನ್ನು ಹೀಗೆ ಹೊತ್ತು ತಿರುಗುತ್ತದೆಂದು ಎಂದೂ ಕೇಳಿರಲಿಲ್ಲ. ಅದು ನಮ್ಮನ್ನು ನೋಡಿರಲಿಲ್ಲ. ಹುತ್ತಕ್ಕೆ ಮೂತಿ ಹಚ್ಚಿ ಸೊರಸೊರ ಹೀರುತ್ತಿತ್ತು. ಬದುಕಿ ಇಳಿಯುತ್ತೇವೆಂಬ ನಂಬಿಕೆ ಹೋಯಿತು.

"ತಮ್ಮಾ, ಮಾತಾಡೋ," ಎಂದ ಅಣ್ಣ, ಪಿಸುದನಿಯಲ್ಲಿ. "ನನ್ನ ಬಾಯಿ ಕಟ್ಟೇತಿ."

ನನ್ನ ಬಾಯಿಗೆ ಬಂದದ್ದು ಒಂದೇ. "ಮದುವ್ಯಾಗ ನಾ ಅಂದಿದ್ದು ತಪ್ಪಾತಣ್ಣಾ," ಎಂದು ಗಂಟಲು ಹರಿಯುವಂತೆ ಕೂಗಿದೆ. ಕರಡಿ ತಲೆ ಎತ್ತಿತು. ಒಮ್ಮೆ ನಮ್ಮತ್ತ ನೋಡಿ, ಮರಿಗಳ ಸಮೇತ ಬಂಡೆಗಳ ಸಂದಿಗೆ ಇಳಿದುಹೋಯಿತು.

ಮೇಲೆ ಹತ್ತಿ ದೇವಿಗೆ ಕಾಯಿ ಒಡೆಸಿದೆವು. ಇಳಿಯುವಾಗಲೂ ಅಣ್ಣನದು ಮಗ್ಗಿಯೇ.

ಗಂಗಾವತಿ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸು ಹೊರಡಲಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟು ಅಣ್ಣ ಹೇಳಿದ: "ಕರಡಿಗೆ ಅಂಜಿ ಅಂದ ಮಾತು ಅದು. ನನಗ ಅಂದಿದ್ದಲ್ಲ."

ಬಸ್ಸಿನ ತುಂಬ ಜನ, ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಕರಡಿಗಿಂತ ಇವರಿಗೇ ಹೆಚ್ಚು ಹೆದರಿದೆ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ "ತಪ್ಪಾತಣ್ಣಾ" ಅಂದೆ.

ಅಣ್ಣ ಕಾಲು ಕೆಳಗಿಟ್ಟ. "ಇದು ಹೋಗ್ಲಿ ಬಿಡು," ಎಂದ. "ಸಂಜಿಗೆ ಇನ್ನೊಂದು ಬಸ್ ಐತಿ."